ಬಹರೇನ್‌ನಂತಹ ಪುಟ್ಟ ದ್ವೀಪದಲ್ಲಿ ಕಾವ್ಯ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ?

ಮುಖ್ಯವಾಗಿ ಮುತ್ತಿನ ಕಸುಬಿನಿಂದ. ತೈಲ ಸಿಗುವ ಮೊದಲು ಅಲ್ಲಿನ ಗಂಡಸರು ಬೇಸಿಗೆಯ ತಿಂಗಳುಗಳನ್ನು ಮುತ್ತಿಗಾಗಿ ಮುಳುಗು ಹಾಕುತ್ತಾ ಕಡಲಲ್ಲೇ ಕಳೆಯುತ್ತಿದ್ದರು. ಹಾಡಲೆಂದೇ ಹಡಗಿನಲ್ಲಿ ‘ನಹ್ಹಾಮ್’ ಎಂಬ ಗಾಯಕನಿರುತ್ತಿದ್ದ. ಹುಟ್ಟು ಹಾಕುವಾಗ, ಹಗ್ಗ ಎಳೆಯುವಾಗ ಅವನ ಪದಕ್ಕೆ ಎಲ್ಲರೂ ದನಿಗೂಡಿಸುತ್ತಿದ್ದರು. ದಡಕ್ಕೆ ಬಂದ ಮೇಲೂ ಮಣ್ಣಿನ ಗಡಿಗೆ ಬಡಿದು, ಚಪ್ಪಾಳೆ ತಟ್ಟಿ ‘ಫಿಜಿರಿ’ ಹಾಡುತ್ತಿದ್ದರು. ಓದು ಬಾರದವರ ಬಾಯಲ್ಲೂ ಕವಿತೆ ಉಳಿದದ್ದು ಹೀಗೆ.

ಅದೇ ವ್ಯಾಪಾರ ದ್ವೀಪವನ್ನು ಮುಂಬೈಗೂ ಜೋಡಿಸಿತು. ಆಧುನಿಕ ಕಾವ್ಯದ ಹಿರಿಯ ಇಬ್ರಾಹಿಂ ಅಲ್ ಅರಯ್ಯದ್ ಹುಟ್ಟಿದ್ದು 1908ರಲ್ಲಿ ಮುಂಬೈಯಲ್ಲೇ, ಮುತ್ತಿನ ವ್ಯಾಪಾರಿಯ ಮಗನಾಗಿ. ಪಾರಸಿ ಕವಿ ಉಮರ್ ಖಯ್ಯಾಮನ ರುಬಾಯಿಗಳನ್ನು, ಅಂದರೆ ನಾಲ್ಕು ಸಾಲಿನ ಪದ್ಯಗಳನ್ನು, ಅವರು ಅರಬ್ಬಿಗೆ ಅನುವಾದಿಸಿದರು. ಮುಂದಿನ ತಲೆಮಾರಿನ ಕಾಸಿಂ ಹದ್ದಾದ್ ಹಳೆಯ ಛಂದಸ್ಸಿನ ಕಟ್ಟು ಬಿಟ್ಟು ಬರೆದರು, ರಾಜಕೀಯ ಕಾರಣಕ್ಕೆ ಸೆರೆವಾಸವನ್ನೂ ಕಂಡರು. ಓದುವುದಾದರೆ ಅವರಿಂದಲೇ ಆರಂಭಿಸಿ.