ಇತ್ತೀಚೆಗೆ ನಿಮ್ಮ ಬದುಕಿನಲ್ಲಿ ಏನು ನಡೀತಿದೆ? ಯಾವ ಸಿನಿಮಾ ನೋಡಿದಿರಿ, ಯಾವ ಪುಸ್ತಕ ಓದಿದಿರಿ, ಹೇಗನ್ನಿಸಿತು?

ಏನು ನಡೀತಿದೆ ಅಂದ್ರೆ, ಮುದ್ದೆ ಮಾಡೋದು ಕಲಿತೆ. ಈ ವರ್ಷದ ದೊಡ್ಡ ಸುದ್ದಿ ಅದೇ. ಸಿನಿಮಾ, ಪುಸ್ತಕ ಎಲ್ಲ ಅದರ ಬಾಲ ಹಿಡಿದು ಬಂದವು.

ಜುಲೈ ಮೊದಲ ವಾರ ಹಾಸನದಲ್ಲಿ ಅಮ್ಮ ಹಿತ್ತಲ ಬಟ್ಟೆ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್ ಅಂದರು ಡಾಕ್ಟರು. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು, ಅಕ್ಕ ಇರೋದು ಮಸ್ಕತ್‌ನಲ್ಲಿ, ಹಾಗಾಗಿ ಬೆಂಗಳೂರಿನ ರೂಮಿಗೆ ಬೀಗ ಹಾಕಿ ಲ್ಯಾಪ್‌ಟಾಪ್ ಎತ್ತಿಕೊಂಡು ನಾನೇ ಬಂದೆ. ಅಲ್ಲಿವರೆಗೆ ನನಗೆ ಬರ್ತಿದ್ದದ್ದು ಕಾಫಿ, ಆಮ್ಲೆಟ್, ಮತ್ತೆ ಯಾರಾದ್ರೂ ಹೆಚ್ಚಿ ಕೊಟ್ಟರೆ ಚಿತ್ರಾನ್ನ.

ಅಮ್ಮ ಅಡುಗೆಮನೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಎಡಗೈಯಲ್ಲೇ ಅಪ್ಪಣೆ ಕೊಡುತ್ತಿದ್ದಳು. ಎಸರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಹಾಕಬೇಕು, ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು ನಡುವೆ ಕೋಲು ಚುಚ್ಚಿ ಬೇಯಲು ಬಿಡಬೇಕು, ಕೈ ಎಷ್ಟೇ ತುರಿಸಿದರೂ ಮುಟ್ಟಬಾರದು. ನಾನು ಮುಟ್ಟಿದೆ. ಬರೀ ಗಂಟು. ಅಮ್ಮ ಒಂದು ಗಂಟು ಒಡೆದಳು, ಒಳಗೆ ಹಸಿ ಹಿಟ್ಟು ಪೌಡರ್ ತರ ಉದುರಿತು. "ಇದನ್ನ ಬೀದಿ ನಾಯಿಗೂ ಹಾಕ್ಬೇಡ ಕಣೋ, ಅದೇನು ಪಾಪ ಮಾಡಿದೆ" ಅಂದಳು. ಹನ್ನೊಂದನೇ ದಿನ ಸರಿಯಾಗಿ ಬಂತು, ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ. ಅವಳು ನಗುವ ಮುಖ ಕಳಿಸಿ ಸುಮ್ಮನಾದಳು.

ಸಿನಿಮಾ ವಿಷಯಕ್ಕೆ ಬರ್ತೀನಿ. ಆಗಸ್ಟ್ ಮೊದಲ ವಾರ 'ಸು ಫ್ರಮ್ ಸೋ' ನೋಡಿದೆವು, ಅಮ್ಮ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡೇ. ಜೆ.ಪಿ. ತುಮಿನಾಡು ನಿರ್ದೇಶಿಸಿದ ಮೊದಲ ಸಿನಿಮಾ, ದುಡ್ಡು ಹಾಕಿದವರಲ್ಲಿ ರಾಜ್ ಬಿ. ಶೆಟ್ಟಿ ಇದ್ದಾರೆ. ದೊಡ್ಡ ಪ್ರಚಾರ ಇಲ್ಲದೆ ಬಂದು, ಬಾಯಿಂದ ಬಾಯಿಗೆ ಹಬ್ಬಿ 100 ಕೋಟಿ ದಾಟಿದ್ದು ನಿಮಗೂ ಗೊತ್ತಿರುತ್ತೆ. ಕರಾವಳಿಯ ಒಂದು ಹಳ್ಳಿ, ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಹುಡುಗ ಅಶೋಕ, ತಪ್ಪಿಸಿಕೊಳ್ಳೋಕೆ ದೆವ್ವ ಬಂದ ಹಾಗೆ ನಾಟಕ ಆಡ್ತಾನೆ. ಅದು ಸೋಮೇಶ್ವರದ ಸುಲೋಚನಾ ಅನ್ನೋ ಹೆಂಗಸಿನ ದೆವ್ವ ಅಂತ ಊರೇ ನಂಬುತ್ತೆ. ಮೊದಲ ಅರ್ಧ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಶನೀಲ್ ಗೌತಮ್ ಮಾಡಿದ ರವಿಯಣ್ಣ ಇದ್ದಾನಲ್ಲ, ಅಂಥವನೊಬ್ಬ ನಮ್ಮ ಬೀದಿಯಲ್ಲೂ ಇದ್ದಾನೆ, ಕರೆಂಟ್ ಹೋದರೂ ಅವನೇ ಮುಂದೆ ನಿಲ್ಲಬೇಕು.

ಎರಡನೇ ಅರ್ಧದಲ್ಲಿ ಸುಲೋಚನಾಳ ಮಗಳ ಕಷ್ಟ ಬಂದ ಮೇಲೆ ಸಿನಿಮಾ ಇದ್ದಕ್ಕಿದ್ದ ಹಾಗೆ ಗಂಭೀರ ಆಯ್ತು, ಹೊಲಿಗೆ ಕಾಣ್ತು ಅಂತ ಆಟೋದಲ್ಲಿ ಬರ್ತಾ ನಾನು ವಿಮರ್ಶೆ ಶುರು ಮಾಡಿದೆ. ಅಮ್ಮ ಒಪ್ಪಲಿಲ್ಲ. "ಇಡೀ ಊರು ದೆವ್ವ ಓಡಿಸೋಕೆ ನಿಂತಿತ್ತು, ಆ ಹೆಂಗಸಿಗೆ ಏನು ಬೇಕಿತ್ತು ಅಂತ ಮೊದಲೇ ಯಾರಾದ್ರೂ ಕೇಳಿದ್ರಾ?" ಅಂದಳು. ನನಗೆ ಈಗಲೂ ಹೊಲಿಗೆ ಕಾಣುತ್ತೆ. ಆದರೆ ಅವಳ ಮಾತೂ ಸರಿ ಅನ್ನಿಸುತ್ತೆ.

ಪುಸ್ತಕದ್ದು ಸ್ವಲ್ಪ ನಾಚಿಕೆಯ ಕತೆ. ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಆಫೀಸಿನಲ್ಲಿ "ನಮ್ಮೂರಿನವರು" ಅಂತ ಎದೆ ಉಬ್ಬಿಸಿ ಹೇಳಿದ್ದೆ. ಅವರ ಒಂದು ಕತೆಯನ್ನೂ ಓದಿರಲಿಲ್ಲ! ಅವಸರಕ್ಕೆ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ ತರಿಸಿದೆ, ಆಮೇಲೆ ಹಾಸನದಲ್ಲಿ ಕೂತು ಹಾಸನದ ಲೇಖಕಿಯನ್ನು ಇಂಗ್ಲಿಷಿನಲ್ಲಿ ಓದ್ತಾ ಇದ್ದೀನಲ್ಲ ಅಂತ ನನ್ನ ಮೇಲೆ ನನಗೇ ನಗು ಬಂದು ಕನ್ನಡದ್ದು ಹುಡುಕಿ ತಂದೆ. ಅಮ್ಮನಿಗೆ ಪುಸ್ತಕ ಹಿಡಿಯೋಕೆ ಆಗ್ತಿರಲಿಲ್ಲ, ಹಾಗಾಗಿ ರಾತ್ರಿ ಊಟ ಆದಮೇಲೆ ನಾನೇ ಗಟ್ಟಿಯಾಗಿ ಓದುತ್ತಿದ್ದೆ.

'ಎದೆಯ ಹಣತೆ' ಓದಿದ ದಿನ ಇಬ್ಬರಿಗೂ ಮಾತು ಹೊರಡಲಿಲ್ಲ. ಗಂಡ ಇನ್ನೊಬ್ಬಳ ಹಿಂದೆ ಹೋದ ಅಂತ ಮೆಹರುನ್ ಕೂಸು ಎತ್ತಿಕೊಂಡು ತವರಿಗೆ ಬಂದರೆ, ಅಣ್ಣಂದಿರು ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಬಿಡ್ತಾರಲ್ಲ, ಅಲ್ಲಿ ಅಮ್ಮ "ಸಾಕು, ನಾಳೆ ಓದು" ಅಂದಳು. ಮುಂದಿನದ್ದನ್ನು ನಾಳೆಯೇ ಓದಿದ್ದು. 'ಒಮ್ಮೆ ಹೆಣ್ಣಾಗು ಪ್ರಭುವೇ' ಓದುವಾಗ ಮಾತ್ರ ಬೇರೆ ಥರ ಆಯ್ತು. ದೇವರೇ, ಒಂದು ಸಲ ನೀನೂ ಹೆಣ್ಣಾಗಿ ಭೂಮಿಗೆ ಬಾ ಅಂತ ಒಬ್ಬಳು ಕೇಳುವ ಕತೆ ಅದು. ಅಮ್ಮ ಕೇಳಿಸಿಕೊಂಡು, "ದೇವರು ಯಾಕೆ, ನಿಮ್ಮಪ್ಪ ಎರಡು ದಿನ ಆಗಿದ್ದಿದ್ರೆ ಸಾಕಿತ್ತು" ಅಂದಳು. ಸಿಂಕಿನಲ್ಲಿ ಪಾತ್ರೆ ಹಾಗೇ ಬಿದ್ದಿತ್ತು, ಎದ್ದು ಹೋಗಿ ತೊಳೆದೆ.

ಎಲ್ಲ ಕತೆಯೂ ಇಷ್ಟ ಆಯ್ತು ಅಂತಲ್ಲ. ಬಾನು ಮೇಡಂ ವಕೀಲರೂ ಹೌದು, ಕೆಲವು ಕಡೆ ಪಾತ್ರ ಮಾತಾಡೋದು ಬಿಟ್ಟು ವಕೀಲರು ವಾದ ಮಂಡಿಸಿದ ಹಾಗೆ ಕೇಳುತ್ತೆ. ಆದರೆ ಮನೆಯೊಳಗಿನ ಗದ್ದಲ, ಮಕ್ಕಳು, ನೆಂಟರು, ಜಗಳ, ಇವನ್ನು ಅವರು ಬರೆದರೆ ಸದ್ದೇ ಕೇಳುತ್ತೆ.

ಸೆಪ್ಟೆಂಬರ್ 22ಕ್ಕೆ ಚಾಮುಂಡಿ ಬೆಟ್ಟದಲ್ಲಿ ಅವರು ದಸರಾ ಉದ್ಘಾಟನೆ ಮಾಡಿದ್ದನ್ನು ಟಿವಿಯಲ್ಲಿ ನೋಡಿದೆವು. ಅದಕ್ಕೂ ಮೊದಲು ಅವರು ಮಾಡಬಹುದಾ, ಮಾಡಬಾರದಾ ಅಂತ ವಾರಗಟ್ಟಲೆ ಕಿರುಚಾಟ ನಡೆದಿತ್ತು, ಅಮ್ಮ ಮ್ಯೂಟ್ ಮಾಡಿ ಅವರೆಕಾಯಿ ಸುಲಿಯುವ ಕೆಲಸ ನನಗೆ ಕೊಟ್ಟಿದ್ದಳು. ಎರಡೇ ದಿನಕ್ಕೆ, 24ರಂದು, ಭೈರಪ್ಪ ತೀರಿಕೊಂಡರು. 94 ವರ್ಷ. ಅವರೂ ನಮ್ಮ ಜಿಲ್ಲೆಯವರೇ, ಚನ್ನರಾಯಪಟ್ಟಣದ ಹತ್ತಿರದ ಸಂತೇಶಿವರ. ಅವರ ಹಲವು ಅಭಿಪ್ರಾಯ ನನಗೆ ಒಗ್ಗಲ್ಲ, ಕೊನೆಕೊನೆಯ ಕಾದಂಬರಿಗಳಂತೂ ಅರ್ಧಕ್ಕೇ ಬಿಟ್ಟಿದ್ದೇನೆ. 'ಗೃಹಭಂಗ'ದ ಮಾತೇ ಬೇರೆ. ಅವತ್ತು ರಾತ್ರಿ ಅದನ್ನೇ ತೆಗೆದೆ.

ನಡುವೆ 'ಕಾಂತಾರ ಚಾಪ್ಟರ್ 1' ಕೂಡ ಆಯ್ತು. ರಿಷಬ್ ಮೈ ಮುರಿದು ದುಡಿದಿದ್ದಾರೆ, ರುಕ್ಮಿಣಿ ವಸಂತ್ ಚೆನ್ನಾಗಿ ಮಾಡಿದ್ದಾರೆ. ಆದರೆ 2022ರ ಸಿನಿಮಾದಲ್ಲಿ ಇದ್ದ ಮಣ್ಣಿನ ವಾಸನೆ ಈ ಅರಮನೆ, ಯುದ್ಧ, ಗ್ರಾಫಿಕ್ಸ್ ನಡುವೆ ನನಗೆ ಸಿಗಲಿಲ್ಲ. ಸದ್ದು ಜಾಸ್ತಿ. ಅಮ್ಮ ಕಿವಿಗೆ ಸೆರಗು ಮುಚ್ಚಿಕೊಂಡು ನೋಡಿದಳು, ಆಮೇಲೆ ಕೈಮುಗಿದಳು.

ಈಗ ಪ್ಲಾಸ್ಟರ್ ಬಿಚ್ಚಿದೆ, ಕೈ ಇನ್ನೂ ಪೂರ್ತಿ ಬಗ್ಗಲ್ಲ. ದಿನಾ ಒದ್ದೆ ಟವೆಲ್ ಹಿಂಡಿಸುತ್ತೇನೆ, ಬೈಯ್ತಾಳೆ. ಮುಂದಿನ ವಾರ ನಾನು ಬೆಂಗಳೂರಿಗೆ ವಾಪಸ್. 'ಗೃಹಭಂಗ' ಮಾತ್ರ ಮುಗಿದಿಲ್ಲ. ನಂಜಮ್ಮ ಶಾನುಭೋಗಿಕೆ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವುದನ್ನು ಅಮ್ಮ ಮತ್ತೆ ಮತ್ತೆ ಓದಿಸಿದಳು. ಪ್ಲೇಗಿಗೆ ಮಕ್ಕಳು ಹೋಗುವ ಪುಟ ಹತ್ತಿರ ಬಂದಾಗ, "ಅದನ್ನ ಹಾರಿಸು, ಸೀರಿಯಲ್‌ನಲ್ಲಿ ನೋಡಿದ್ದೀನಿ" ಅಂದಳು. ಹಾರಿಸಿದೆ. ಅವಳು ಮಲಗಿದ ಮೇಲೆ ಅಡುಗೆಮನೆ ಲೈಟ್ ಹಾಕಿಕೊಂಡು, ಅದೇ ಸ್ಟೂಲಿನ ಮೇಲೆ ಕೂತು ಆ ಪುಟಗಳನ್ನು ಓದಿಕೊಂಡೆ.