ಹ್ಯಾಮ್ಸ್ಟರ್ ಬಾಣಂತಿಯ ಮೊದಲ ಹತ್ತು ದಿನ

ಪ್ರಶ್ನೆ: ಮಗಳಿಗೆಂದು ಒಂದು ಜೊತೆ ಹ್ಯಾಮ್ಸ್ಟರ್ ತಂದಿದ್ದೆವು. ಎರಡೂ ಹೆಣ್ಣೆಂದು ಅಂಗಡಿಯವರು ಹೇಳಿದ್ದರು. ನಾಲ್ಕು ದಿನದ ಹಿಂದೆ ಒಂದು ಎಂಟು ಮರಿ ಹಾಕಿತು. ಇಂದು ಬೆಳಿಗ್ಗೆ ಎಣಿಸಿದರೆ ಆರೇ ಇವೆ. ಕಕ್ಕಡದ ಮಳೆ, ಎರಡು ದಿನದಿಂದ ಕರೆಂಟಿಲ್ಲ, ಪಂಜರ ಬೇರೆ ವಾಸನೆ ಹೊಡೆಯುತ್ತಿದೆ. ತೊಳೆದು, ಹತ್ತಿ ಹಾಸಿ ಬೆಚ್ಚಗೆ ಮಾಡಬಹುದೇ?
– ಓದುಗರು, ಮಡಿಕೇರಿ

ಉತ್ತರ: ತೊಳೆಯಬೇಡಿ, ಹತ್ತಿ ಹಾಕಬೇಡಿ, ದಯವಿಟ್ಟು ಇನ್ನು ಎಣಿಸಲೂ ಬೇಡಿ. ಕಾಣೆಯಾದ ಎರಡನ್ನು ತಾಯಿಯೇ ತಿಂದಿರಬೇಕು. ಮಗಳಿಗೆ ಹೇಳುವುದು ಕಷ್ಟ, ಆದರೂ ಅದು ಕೆಟ್ಟ ತಾಯಿಯಲ್ಲ ಎಂದು ಹೇಳಿ. ಸತ್ತ ಅಥವಾ ನಿತ್ರಾಣವಾದ ಮರಿಯನ್ನು ತಾಯಿ ಹೀಗೆಯೇ ಇಲ್ಲವಾಗಿಸುತ್ತದೆ. ಆದರೆ ಗಟ್ಟಿ ಮರಿಗಳನ್ನೂ ತಿನ್ನುವುದುಂಟು. ಪದೇ ಪದೇ ಇಣುಕುವುದು, ಗೂಡು ಕೆದಕುವುದು, ಮರಿ ಮುಟ್ಟುವುದು, ನೀರು ಖಾಲಿಯಾಗುವುದು, ಪ್ರೋಟೀನ್ ಸಾಲದಿರುವುದು, ಇವೇ ಕಾರಣ. ಮನೆಯವರ ಅಕ್ಕರೆಯಿಂದಲೇ ಸಾಯುವ ಮರಿಗಳು ಬಹಳ.

ಮೊದಲು ಇನ್ನೊಂದನ್ನು ಬೇರೆ ಪಂಜರಕ್ಕೆ ಹಾಕಿ. ಅದು ಗಂಡೇ ಇರಬೇಕು. ತಾಯಿ ಗೂಡಿನೊಳಗಿರುವಾಗ ಲೋಟಕ್ಕೆ ಹತ್ತಿಸಿಕೊಂಡು ಎತ್ತಿದರೆ ಗಲಾಟೆಯಾಗದು. ನಿಮ್ಮದು ಅಂಗೈ ತುಂಬುವ ಸಿರಿಯನ್ ಜಾತಿಯಾದರೆ ತಾಯಿ ಗಂಡಿನ ಮೇಲೆ ಬಿದ್ದು ಕಚ್ಚಾಡಬಹುದು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಕುಬ್ಜ ಜಾತಿಯಾದರೆ ಹೆತ್ತ ದಿನವೇ ಮತ್ತೆ ಗಬ್ಬವಾಗಿರಬಹುದು. ಹಾಗಾಗಿದ್ದರೆ ಸುಮಾರು ಮೂರು ವಾರಕ್ಕೆ ಮತ್ತೊಂದು ಹೆರಿಗೆ. ಅಷ್ಟರಲ್ಲಿ ಈ ಮರಿಗಳಿಗೆ ಬೇರೆ ಜಾಗ ಸಿದ್ಧವಿರಲಿ.

ವಾಸನೆ ಹತ್ತು ದಿನ ಸಹಿಸಿ. ಆ ವಾಸನೆಯೇ ತಾಯಿಗೆ ತನ್ನ ಗೂಡಿನ ಗುರುತು. ತೀರಾ ಒದ್ದೆಯಾಗಿದ್ದರೆ ಗೂಡಿನಿಂದ ದೂರದ ಮೂತ್ರದ ಮೂಲೆಯನ್ನಷ್ಟೇ ಚಮಚದಲ್ಲಿ ತೆಗೆಯಿರಿ. ಹತ್ತಿಯ ಎಳೆ ಮರಿಗಳ ಕಾಲಿಗೆ ಸುತ್ತಿಕೊಂಡು ರಕ್ತ ಓಡದಂತೆ ಮಾಡುತ್ತದೆ, ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಬಣ್ಣ, ಪರಿಮಳ ಇಲ್ಲದ ಬಿಳಿ ಟಿಶ್ಯೂ ಪೇಪರ್ ಹರಿದು ಪಂಜರದ ಇನ್ನೊಂದು ತುದಿಯಲ್ಲಿಡಿ. ಬೇಕಾದಷ್ಟನ್ನು ತಾಯಿಯೇ ಎಳೆದುಕೊಳ್ಳುತ್ತದೆ. ತೋಟದಲ್ಲಿ ಸುಲಭವಾಗಿ ಸಿಗುತ್ತದೆಂದು ಕಾಫಿ ಸಿಪ್ಪೆ ಹಾಸಲೇಬೇಡಿ. ಅದರಲ್ಲಿ ಕೆಫೀನ್ ಇದೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ.

ಕೋಣೆ 20ರಿಂದ 24 ಡಿಗ್ರಿ ಇದ್ದರೆ ಸಾಕು. ಕರೆಂಟಿಲ್ಲದಾಗ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಂಜರದ ಹೊರಗೆ ಒಂದು ಪಕ್ಕಕ್ಕೆ ಮಾತ್ರ ಒರಗಿಸಿ. ಸೆಕೆಯಾದರೆ ತಾಯಿ ಆಚೆ ಸರಿಯಲು ಜಾಗ ಬೇಕು. ಒಲೆಯ ಹತ್ತಿರ ಇಡಬೇಡಿ, ಹೊಗೆ ಆಗದು. ಮೇಜಿನ ಮೇಲಿದ್ದರೆ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿಡಿ. ಮಳೆಗೆ ಒಳಗೆ ಬರುವ ಇರುವೆಗಳು ರೋಮವಿಲ್ಲದ ಮರಿಗಳನ್ನು ಬಿಡುವುದಿಲ್ಲ.

ಮಾಮೂಲಿ ಕಾಳಿನ ಜೊತೆ ದಿನಾ ಸಂಜೆ ಅರ್ಧ ಟೀ ಚಮಚ ಬೇಯಿಸಿದ ಮೊಟ್ಟೆ ಅಥವಾ ಉಪ್ಪು ಖಾರ ಇಲ್ಲದ ಕೋಳಿಮಾಂಸ ಕೊಡಿ. ಉಳಿದದ್ದು ಕಂಡರೆ ಬೆಳಿಗ್ಗೆ ತೆಗೆಯಿರಿ. ಹಸುವಿನ ಹಾಲು ಬೇಡ, ಭೇದಿಯಾದೀತು. ಕಿತ್ತಳೆ, ಈರುಳ್ಳಿ, ಬೆಳ್ಳುಳ್ಳಿಯೂ ಬೇಡ. ನೀರಿನ ಬಾಟಲಿಯ ಮೂತಿಯ ಗುಂಡು ಸಿಕ್ಕಿಕೊಂಡಿದೆಯೇ ಎಂದು ಪ್ರತಿದಿನ ಬೆರಳಿಂದ ಒತ್ತಿ ನೋಡಿ. ಬಾಟಲಿ ತುಂಬಿದ್ದರೂ ನೀರು ಇಳಿಯದಿರಬಹುದು, ನೀರಿಲ್ಲದಿದ್ದರೆ ಹಾಲೂ ಇಲ್ಲ.

ಗೂಡಿನಾಚೆ ಮರಿ ಬಿದ್ದಿದ್ದರೆ ಅರ್ಧ ಗಂಟೆ ಕಾಯಿರಿ. ತಾಯಿ ಎತ್ತಿಕೊಳ್ಳದಿದ್ದರೆ ಚಮಚವನ್ನು ಆ ಹಾಸಿಗೆಯಲ್ಲೇ ಉಜ್ಜಿ, ತಾಯಿ ತಿನ್ನುತ್ತಿರುವಾಗ ಮರಿಯನ್ನು ಗೂಡಿನ ಬಾಯಿಗೆ ಸೇರಿಸಿ. ಮರಿಗಳನ್ನು ಕೆನ್ನೆಚೀಲದಲ್ಲಿ ತುಂಬಿಕೊಂಡು ತಾಯಿ ಓಡಾಡಿದರೆ ಅದಕ್ಕೆ ಹೆದರಿಕೆಯಾಗಿದೆ ಎಂದರ್ಥ. ಪಂಜರದ ಮೇಲೆ ಬಟ್ಟೆ ಅರ್ಧ ಇಳಿಬಿಟ್ಟು ದೂರ ಸರಿಯಿರಿ.

ಹತ್ತನೇ ದಿನದ ಹೊತ್ತಿಗೆ ಮರಿಗಳು ಕಣ್ಣು ಬಿಡುವ ಮೊದಲೇ ತೆವಳಿ ಬಂದು ಕಾಳು ಕಡಿಯುತ್ತವೆ. ಆಗ ಬಾಟಲಿಯ ಮೂತಿ ಅವುಗಳ ಬಾಯಿಗೆ ಎಟುಕುವಷ್ಟು ಕೆಳಗಿರಲಿ. ಕಣ್ಣು ತೆರೆಯುವುದು ಎರಡು ವಾರಕ್ಕೆ. ಪೂರ್ತಿ ಸ್ವಚ್ಛ ಮಾಡುವುದು ಆಮೇಲೆಯೇ.

ಪ್ರಶ್ನೆ: ಸಿರಿಯನ್ ಮರಿಗಳಿಗೆ ಮೂರು ವಾರವಾಯಿತು. ಯಾವಾಗ ಬೇರ್ಪಡಿಸಬೇಕು?
– ಓದುಗರು, ವಿರಾಜಪೇಟೆ

ಉತ್ತರ: ಗಂಡು ಹೆಣ್ಣನ್ನು ಈ ವಾರವೇ. ನಾಲ್ಕು ವಾರ ದಾಟಿದರೆ ಒಡಹುಟ್ಟಿದವೇ ಕೂಡಿ ಗಬ್ಬವಾಗುತ್ತವೆ. ಮೂತ್ರದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಅಂತರ ಹೆಚ್ಚಿದ್ದರೆ ಗಂಡು, ಎರಡೂ ಒತ್ತಾಗಿದ್ದರೆ ಹೆಣ್ಣು. ಎರಡು ಮರಿಗಳನ್ನು ಅಕ್ಕಪಕ್ಕ ಹಿಡಿದು ನೋಡಿದರೆ ಸ್ಪಷ್ಟವಾಗುತ್ತದೆ. ಆಮೇಲೆ ಜಗಳ ಶುರುವಾಗುವ ಮೊದಲೇ ಒಂದೊಂದಕ್ಕೂ ಒಂದೊಂದು ಪಂಜರ ಬೇಕು. ಹಾಲು ಬಿಡುವ ಈ ಹೊತ್ತಿನಲ್ಲೇ ಭೇದಿಯ ಕಾಯಿಲೆ ಬರುವುದು. ಬಾಲದ ಸುತ್ತ ಒದ್ದೆಯಾಗಿ ಮರಿ ಮುದುಡಿ ಕೂತಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಎರಡು ದಿನದಲ್ಲೇ ಪ್ರಾಣ ಹೋಗಬಹುದು.