ಗೋಡೆಯಿಂದ ಇಳಿದ ಸೋಪು

ಪ್ರಶ್ನೆ: ಹೊರಗೋಡೆಗೆ ನೀರಿನ ಪೇಂಟ್ ಹೊಡೆಸಿದ ಮಾರನೇ ದಿನವೇ ಮಳೆ ಬಂತು. ಈಗ ಗೋಡೆ ತುಂಬಾ ಅಂಟಂಟು ಗೆರೆ, ಮುಟ್ಟಿದರೆ ಸೋಪಿನ ಹಾಗೆ ಜಾರುತ್ತೆ. ಪೇಂಟಿಗೆ ಸೋಪು ಹಾಕ್ತಾರಾ? ಹಾಕದೆ ಮಾಡೋಕೆ ಆಗಲ್ವಾ?
– ಓದುಗರೊಬ್ಬರು, ಸಾಗರ

ಉತ್ತರ: ಹಾಕುತ್ತಾರೆ. ನೀರಿನ ಪೇಂಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ (ಪುಟ್ಟ ಅಣುಗಳು ಸಾಲಾಗಿ ಕೂಡಿದ ಉದ್ದ ಸರಪಳಿ) ಕಣಗಳು ತೇಲುತ್ತಿರುತ್ತವೆ. ಅವು ಗಂಟು ಕಟ್ಟದಿರಲಿ ಅಂತ ಸೋಪಿನ ಜಾತಿಯ ಸರ್ಫ್ಯಾಕ್ಟಂಟ್ ಬೇಕು. ಪೇಂಟ್ ಪೂರ್ತಿ ಒಣಗುವ ಮೊದಲೇ ನೀರು ಬಿದ್ದರೆ ಅದು ಕರಗಿ ಇಳಿಯುತ್ತದೆ, ಅಷ್ಟೇ. ಗಾಬರಿ ಬೇಡ. ಚೆನ್ನಾಗಿ ಒಣಗಿದ ಮೇಲೆ ಬರೀ ನೀರಿನಲ್ಲಿ ಒಂದೆರಡು ಸಲ ತೊಳೆಯಿರಿ.

ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಸೋಪನ್ನು ಬಿಡಿಯಾಗಿ ಸುರಿಯುವ ಬದಲು ಪಾಲಿಮರ್ ಸರಪಳಿಯ ತುದಿಗೇ ಕಟ್ಟಿಬಿಟ್ಟರೆ ಹೇಗೆ? ಮಾಮೂಲಿ ವಿಧಾನದಲ್ಲಿ ಇದು ಕಷ್ಟ, ಯಾಕೆಂದರೆ ಸರಪಳಿ ಶುರುವಾದರೆ ಸರಸರನೆ ಬೆಳೆದು ಮುಗಿದೇ ಹೋಗುತ್ತದೆ, ಆಮೇಲೆ ಅದಕ್ಕೆ ಏನನ್ನೂ ಜೋಡಿಸೋಕೆ ಆಗಲ್ಲ. 1998ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧನಾ ಸಂಸ್ಥೆಯವರು ರಾಫ್ಟ್ ಎಂಬ ವಿಧಾನ ಪ್ರಕಟಿಸಿದರು. ಇದರಲ್ಲಿ ಗಂಧಕವಿರುವ ಪುಟ್ಟ ಅಣುವೊಂದು ಬೆಳೆಯುವ ಸರದಿಯನ್ನು ಒಂದು ಸರಪಳಿಯಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುತ್ತದೆ. ಹಾಗಾಗಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಉದ್ದ ಬೆಳೆಯುತ್ತವೆ, ಮತ್ತೆ ಬೇಕೆಂದಾಗ ಮುಂದುವರಿಸಬಹುದು.

ನೀರಿಗೆ ತಂದಾಗ ಮಾತ್ರ ಇದು ಮೊದಮೊದಲು ಕೈಕೊಟ್ಟಿತು. ಆ ಅಣು ಎಣ್ಣೆಯ ಕಡೆಯದು. ನೀರು ದಾಟಿ ಕಣಗಳೊಳಗೆ ಹೋಗುವ ಬದಲು ಕಚ್ಚಾ ಪದಾರ್ಥದ ಎಣ್ಣೆ ಹನಿಗಳಲ್ಲೇ ಉಳಿದು, ಮೇಲೆ ಕೆಂಪು ಎಣ್ಣೆಯ ಪದರ ಕಟ್ಟುತ್ತಿತ್ತು. 2002ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ತಂಡ ಇದಕ್ಕೆ ದಾರಿ ತೋರಿಸಿತು. ಮೊದಲು ಅಕ್ರಿಲಿಕ್ ಆಸಿಡ್‌ನ ಗಿಡ್ಡ ಸರಪಳಿ ಬೆಳೆಸಬೇಕು, ಅದು ನೀರಲ್ಲಿ ಕರಗುತ್ತದೆ. ಆಮೇಲೆ ಬ್ಯುಟೈಲ್ ಅಕ್ರಿಲೇಟ್ ಎಂಬ ಎಣ್ಣೆಯಂಥ ದ್ರವವನ್ನು ನಿಧಾನವಾಗಿ, ಎಣ್ಣೆ ಹನಿಗಳು ನಿಲ್ಲದ ಹಾಗೆ, ಬಿಡುತ್ತಾ ಹೋಗಬೇಕು. ಮೊದಲಿನ ಗಿಡ್ಡ ಸರಪಳಿ ತಲೆಯಾದರೆ ಇದು ಅದಕ್ಕೆ ಬೆಳೆಯುವ ಬಾಲ. ಬಾಲ ಉದ್ದವಾದ ಹಾಗೆ ಸರಪಳಿಗಳಿಗೆ ನೀರು ಸೇರದು. ತಾವೇ ಗುಂಪಾಗಿ ಬಾಲ ಒಳಗೆ, ತಲೆ ಹೊರಗೆ ಮಾಡಿಕೊಂಡು ಕೂರುತ್ತವೆ. ಫ್ಲಾಸ್ಕ್‌ನಲ್ಲಿ ನೋಡೋಕೆ ಬಲು ಚಂದ: ತಿಳಿ ಹಳದಿ ನೀರು ಮೊದಲು ನಸು ನೀಲಿ ಮಬ್ಬಾಗುತ್ತದೆ, ಆಮೇಲೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಒಂದು ಹನಿ ಸೋಪೂ ಹಾಕಿರುವುದಿಲ್ಲ.

ಸೋಪಿನ ಕೆಲಸ ಮಾಡುವ ತಲೆ ಬಾಲಕ್ಕೇ ಬೆಸೆದಿರುವುದರಿಂದ ಮಳೆಗೆ ಅದು ಬಿಟ್ಟು ಹೋಗಲ್ಲ. ಆದರೆ ಆ ಗಂಧಕದ ಅಣು ದುಬಾರಿ, ಸ್ವಲ್ಪ ಬಣ್ಣವನ್ನೂ ಉಳಿಸುತ್ತದೆ. ಆದ್ದರಿಂದ ಕಡಿಮೆ ಬೆಲೆಯ ಬಿಳಿ ಪೇಂಟಿನ ಡಬ್ಬದಲ್ಲಿ ಇದನ್ನು ಹುಡುಕಬೇಡಿ.